ಶೋಧಕವನ್ನು ಮೊದಲೇ ನೋಡಿ: ವರ್ಗ ಸಮೀಕರಣದಲ್ಲಿ ಸಮಯ ಎಲ್ಲಿ ಪೋಲಾಗುತ್ತದೆ, ಮೂಲ ಎಲ್ಲಿ ಕಳೆದುಹೋಗುತ್ತದೆ

ಪ್ರಶ್ನೆ: ಮಗಳು ಹತ್ತನೇ ತರಗತಿ, ಕನ್ನಡ ಮಾಧ್ಯಮ. ವರ್ಗ ಸಮೀಕರಣ ಬಿಡಿಸಲು ಅಪವರ್ತನ, ವರ್ಗ ಪೂರ್ಣಗೊಳಿಸುವುದು, ಸೂತ್ರ ಹೀಗೆ ಮೂರು ವಿಧಾನ ಕಲಿತಿದ್ದಾಳೆ. ಆದರೆ ಯಾವ ಲೆಕ್ಕಕ್ಕೆ ಯಾವುದು ಎಂದು ಗೊತ್ತಾಗದೆ ಅಪವರ್ತನದ ಜೋಡಿ ಹುಡುಕುತ್ತಲೇ ಹತ್ತು ನಿಮಿಷ ಕಳೆಯುತ್ತಾಳೆ. ಮೊನ್ನೆ 2ಕ್ಷ² = 5ಕ್ಷ ಎಂಬ ಲೆಕ್ಕದಲ್ಲಿ ಒಂದೇ ಮೂಲ ಬಂತು, ಉತ್ತರದ ಪುಟದಲ್ಲಿ ಎರಡಿತ್ತು. ಇನ್ನೊಂದು ಗೊಂದಲ: ಋಣ ಬೆಲೆಯನ್ನು ಕೆಲವು ಲೆಕ್ಕದಲ್ಲಿ ಬಿಡುತ್ತಾರೆ, ಕೆಲವು ಲೆಕ್ಕದಲ್ಲಿ ಇಟ್ಟುಕೊಳ್ಳುತ್ತಾರೆ. ಇದಕ್ಕೆ ನಿಯಮ ಇದೆಯೇ?

ಉತ್ತರ: ನೀವು ಬರೆದಂತೆ ಇಲ್ಲಿಯೂ ಎಕ್ಸ್ ಬದಲು ಕ್ಷ ಎಂದೇ ಬರೆಯುತ್ತೇನೆ. ಸಹಗುಣಕಗಳು ಪುಸ್ತಕದಲ್ಲಿರುವಂತೆ ಎ, ಬಿ, ಸಿ. ಅಂದರೆ ಆದರ್ಶ ರೂಪ ಎಕ್ಷ² + ಬಿಕ್ಷ + ಸಿ = 0, ಎ ಸೊನ್ನೆಯಲ್ಲ.

ಹತ್ತು ನಿಮಿಷದ ವಿಷಯ ಮೊದಲು. ಶೋಧಕವನ್ನು, ಅಂದರೆ ಬಿ² − 4ಎಸಿ ಯನ್ನು, ಪಾಠದ ಕೊನೆಯಲ್ಲಿ ಕಲಿಸುತ್ತಾರೆ. ಹಾಗಾಗಿ ಅದು ‘ಮೂಲಗಳ ಸ್ವಭಾವ ತಿಳಿಸಿ’ ಎಂಬ ಪ್ರಶ್ನೆಗೆ ಮಾತ್ರ ಎಂದು ಮಕ್ಕಳು ತಿಳಿದಿರುತ್ತಾರೆ. ನನ್ನ ಪ್ರಕಾರ ಅದನ್ನು ಎಲ್ಲ ಲೆಕ್ಕದಲ್ಲೂ ಮೊದಲ ಸಾಲಿನಲ್ಲೇ, ಪುಟದ ಅಂಚಿನಲ್ಲಾದರೂ, ಹಾಕಿಬಿಡಬೇಕು. ಎ, ಬಿ, ಸಿ ಪೂರ್ಣಾಂಕಗಳಾಗಿದ್ದರೆ ಶೋಧಕ ಪೂರ್ಣವರ್ಗ ಸಂಖ್ಯೆಯಾದಾಗ ಮಾತ್ರ ಮಧ್ಯಪದ ಒಡೆಯುವ ಅಪವರ್ತನ ಸಿಗುತ್ತದೆ. ಪೂರ್ಣವರ್ಗ ಅಲ್ಲವೆಂದರೆ ಇಡೀ ದಿನ ಹುಡುಕಿದರೂ ಜೋಡಿ ಸಿಗುವುದಿಲ್ಲ, ನೇರ ಸೂತ್ರಕ್ಕೆ, ಅಂದರೆ ಕ್ಷ = (−ಬಿ ± √(ಬಿ² − 4ಎಸಿ))/(2ಎ) ಗೆ, ಹೋಗಬೇಕು.

ಒಂದು ಲೆಕ್ಕವನ್ನೇ ಹತ್ತಿರದಿಂದ ನೋಡೋಣ: 6ಕ್ಷ² − 11ಕ್ಷ − 35 = 0. ರೂಢಿಯ ದಾರಿಯಲ್ಲಿ 6 × (−35) = −210. ಗುಣಲಬ್ಧ −210, ಮೊತ್ತ −11 ಬರುವ ಎರಡು ಸಂಖ್ಯೆ ಬೇಕು. 210ಕ್ಕೆ ಎಂಟು ಜೋಡಿ ಅಪವರ್ತನಗಳಿವೆ, ಅದರ ಮೇಲೆ ಚಿಹ್ನೆಯ ತಲೆನೋವು ಬೇರೆ. ಸಮಯ ಹೋಗುವುದು ಇಲ್ಲೇ. ಈಗ ಶೋಧಕ ಹಾಕಿ: (−11)² − 4 × 6 × (−35) = 121 + 840 = 961. ಇದು 31ರ ವರ್ಗ. ಜೋಡಿ ಇದೆ ಎಂಬುದಷ್ಟೇ ಅಲ್ಲ, ಜೋಡಿ ಯಾವುದೆಂದೂ ಇದರಿಂದಲೇ ಗೊತ್ತಾಗುತ್ತದೆ: (−11 + 31) ÷ 2 = 10, (−11 − 31) ÷ 2 = −21. ಇಷ್ಟೇ, ಹುಡುಕಾಟವೇ ಇಲ್ಲ.

6ಕ್ಷ² − 21ಕ್ಷ + 10ಕ್ಷ − 35 = 0
3ಕ್ಷ(2ಕ್ಷ − 7) + 5(2ಕ್ಷ − 7) = 0
(2ಕ್ಷ − 7)(3ಕ್ಷ + 5) = 0

ಮೂಲಗಳು 7/2 ಮತ್ತು −5/3.

ಇದರಲ್ಲಿ ಮಾಯವೇನಿಲ್ಲ. ಬೇಕಾದ ಎರಡು ಸಂಖ್ಯೆ ಪಿ, ಕ್ಯೂ ಎನ್ನಿ. ಅವುಗಳ ಮೊತ್ತ ಬಿ, ಗುಣಲಬ್ಧ ಎಸಿ. ಮೊತ್ತದ ವರ್ಗದಿಂದ ಗುಣಲಬ್ಧದ ನಾಲ್ಕು ಪಟ್ಟು ಕಳೆದರೆ ವ್ಯತ್ಯಾಸದ ವರ್ಗ ಬರುತ್ತದೆ ಎಂಬುದು ಒಂಬತ್ತನೇ ತರಗತಿಯ ನಿತ್ಯಸಮೀಕರಣ: (ಪಿ − ಕ್ಯೂ)² = (ಪಿ + ಕ್ಯೂ)² − 4 × ಪಿ × ಕ್ಯೂ. ಬಲಭಾಗ ಬಿ² − 4ಎಸಿ ಅಲ್ಲದೆ ಬೇರೇನಲ್ಲ. ಅಂದರೆ ಮಗಳು ಹುಡುಕುತ್ತಿರುವ ಜೋಡಿಯ ವ್ಯತ್ಯಾಸವೇ ಶೋಧಕದ ವರ್ಗಮೂಲ. ಮೊತ್ತ ಗೊತ್ತು, ವ್ಯತ್ಯಾಸ ಗೊತ್ತು, ಇನ್ನು ಊಹಿಸುವುದೇನಿದೆ?

ಈಗ ಅದೇ ಸಮೀಕರಣದ ಕೊನೆಯ ಪದದ 35ನ್ನು 34 ಮಾಡಿ: 6ಕ್ಷ² − 11ಕ್ಷ − 34 = 0. ಶೋಧಕ 121 + 816 = 937. ಕೊನೆಯ ಅಂಕಿ 7. ಯಾವ ಪೂರ್ಣವರ್ಗವೂ 2, 3, 7, 8ರಲ್ಲಿ ಮುಗಿಯುವುದಿಲ್ಲ, ಆದ್ದರಿಂದ ವರ್ಗಮೂಲ ತೆಗೆದು ನೋಡುವ ಅಗತ್ಯವೂ ಇಲ್ಲ. ಸೂತ್ರ ಹಾಕಿ (11 ± √937)/12 ಎಂದು ಬರೆದು ಮುಂದೆ ಹೋಗಬಹುದು. ಮೇಲ್ನೋಟಕ್ಕೆ ಈ ಎರಡು ಸಮೀಕರಣ ಅಣ್ಣತಮ್ಮಂದಿರಂತಿವೆ. ಯಾವುದು ಒಡೆಯುತ್ತದೆ, ಯಾವುದು ಒಡೆಯುವುದಿಲ್ಲ ಎಂದು ಕಣ್ಣಳತೆಯಲ್ಲಿ ಹೇಳಲು ಯಾರಿಗೂ ಆಗದು.

ಪ್ರಶ್ನೆಯಲ್ಲಿ ‘ಅಪವರ್ತನ ವಿಧಾನದಿಂದ ಬಿಡಿಸಿ’ ಎಂದೇ ಇದ್ದರೆ ಅಪವರ್ತನದ ಹಂತಗಳನ್ನು ಪೂರ್ತಿ ಬರೆಯಲೇಬೇಕು, ಅಂಚಿನ ಲೆಕ್ಕ ಅದಕ್ಕೆ ಬದಲಿಯಲ್ಲ. ಹಾಗೆಯೇ ಶೋಧಕಕ್ಕೆ ಕೈಹಾಕುವ ಮುಂಚೆ ಸಮೀಕರಣ ಆದರ್ಶ ರೂಪದಲ್ಲಿರಬೇಕು. ಎಲ್ಲವೂ ಎಡಕ್ಕೆ, ಬಲಕ್ಕೆ ಸೊನ್ನೆ ಮಾತ್ರ. ಕ್ಷ² = 7ಕ್ಷ − 12 ಎಂದಿದ್ದಾಗ ಬಿ ಯನ್ನು 7 ಎಂದು, ಸಿ ಯನ್ನು −12 ಎಂದು ಬರೆದುಕೊಳ್ಳುವ ಮಕ್ಕಳು ಬಹಳ. ಪಕ್ಷಾಂತರ ಮಾಡಿದ ಮೇಲೆ ಬಿ = −7, ಸಿ = 12. ಇನ್ನೊಂದು ಮೋಸ: ಕ್ಷ(ಕ್ಷ + 3) = (ಕ್ಷ − 1)(ಕ್ಷ + 5) ನೋಡಲು ವರ್ಗ ಸಮೀಕರಣ. ಬಿಡಿಸಿದರೆ ಕ್ಷ² + 3ಕ್ಷ = ಕ್ಷ² + 4ಕ್ಷ − 5, ಕ್ಷ² ಎರಡೂ ಕಡೆ ಹೊಡೆದುಹೋಗಿ ಕ್ಷ = 5 ಮಾತ್ರ ಉಳಿಯುತ್ತದೆ. ಇದು ರೇಖಾತ್ಮಕ ಸಮೀಕರಣ, ಇದಕ್ಕೆ ಎರಡನೇ ಮೂಲ ಹುಡುಕಬಾರದು.

ಈಗ 2ಕ್ಷ² = 5ಕ್ಷ. ಮಗಳು ಎರಡೂ ಕಡೆ ಕ್ಷ ದಿಂದ ಭಾಗಿಸಿ 2ಕ್ಷ = 5, ಕ್ಷ = 5/2 ಎಂದು ಬರೆದಿರುತ್ತಾಳೆ. ಭಾಗಿಸುವಾಗ ‘ಕ್ಷ ಸೊನ್ನೆಯಲ್ಲ’ ಎಂದು ಬಾಯಿಬಿಟ್ಟು ಹೇಳದೆಯೇ ಒಪ್ಪಿಕೊಂಡಂತಾಯಿತು. ಸೊನ್ನೆಯೇ ಒಂದು ಮೂಲವಾಗಿದ್ದರಿಂದ ಅದು ಆ ಹೆಜ್ಜೆಯಲ್ಲೇ ಕಳೆದುಹೋಯಿತು. ಸರಿಯಾದ ದಾರಿ: 2ಕ್ಷ² − 5ಕ್ಷ = 0, ಕ್ಷ(2ಕ್ಷ − 5) = 0, ಮೂಲಗಳು 0 ಮತ್ತು 5/2. ಅಜ್ಞಾತ ಸಂಖ್ಯೆ ಇರುವ ಯಾವುದರಿಂದಲೂ ಭಾಗಿಸಬೇಡ, ಎಡಕ್ಕೆ ತಂದು ಸಾಮಾನ್ಯ ಅಪವರ್ತನವಾಗಿ ಹೊರಗೆ ತೆಗೆ ಎಂದು ಅಭ್ಯಾಸ ಮಾಡಿಸಿ. (ಕ್ಷ − 4)² = 3(ಕ್ಷ − 4) ಎಂಬಲ್ಲೂ ಇದೇ ಕಥೆ. ಭಾಗಿಸಿದರೆ 7 ಮಾತ್ರ, ಸರಿಯಾಗಿ ಮಾಡಿದರೆ 4 ಮತ್ತು 7.

ಇದರ ತದ್ವಿರುದ್ಧ ತಪ್ಪೂ ಇದೆ. (ಕ್ಷ − 3)(ಕ್ಷ − 5) = 8 ಎಂದು ಕೊಟ್ಟರೆ ಕ್ಷ − 3 = 8, ಕ್ಷ − 5 = 8 ಎಂದು ಬರೆಯುವುದು. ಗುಣಲಬ್ಧ ಸೊನ್ನೆಯಾದಾಗ ಮಾತ್ರ ಎರಡರಲ್ಲೊಂದು ಸೊನ್ನೆ ಎಂದು ಖಚಿತವಾಗಿ ಹೇಳಬಹುದು. ಗುಣಲಬ್ಧ 8 ಆಗಲು 2 × 4 ಇದೆ, 1 × 8 ಇದೆ, (−2) × (−4) ಇದೆ, ಭಿನ್ನರಾಶಿಗಳೂ ಇವೆ. ಬಿಡಿಸಿ ಆದರ್ಶ ರೂಪಕ್ಕೆ ತಂದರೆ ಕ್ಷ² − 8ಕ್ಷ + 7 = 0, ಮೂಲಗಳು 1 ಮತ್ತು 7.

ವರ್ಗ ಪೂರ್ಣಗೊಳಿಸುವ ವಿಧಾನವನ್ನು ಮಕ್ಕಳು ದ್ವೇಷಿಸಲು ಕಾರಣ ಭಿನ್ನರಾಶಿ. 2ಕ್ಷ² − 7ಕ್ಷ + 3 = 0 ಎಂಬುದನ್ನು ಮೊದಲು 2ರಿಂದ ಭಾಗಿಸಿ, 7/2ರ ಅರ್ಧ 7/4, ಅದರ ವರ್ಗ 49/16, ಅದನ್ನು ಎರಡೂ ಕಡೆ ಕೂಡಿಸಿ... ಇಲ್ಲಿ ಅರ್ಧ ಮಾಡಲು ಮರೆಯುವುದು, ಒಂದೇ ಕಡೆ ಕೂಡಿಸುವುದು, ಛೇದ ಸಮ ಮಾಡುವಾಗ ಎಡವುವುದು ಎಲ್ಲಕ್ಕೂ ಅವಕಾಶ. ಭಾಗಿಸುವ ಬದಲು ಗುಣಿಸುವ ದಾರಿ ನಮ್ಮಲ್ಲಿ ಬಹಳ ಹಿಂದಿನಿಂದ ಇದೆ. 12ನೇ ಶತಮಾನದ ಭಾಸ್ಕರಾಚಾರ್ಯರು ತಮ್ಮ ‘ಬೀಜಗಣಿತ’ದಲ್ಲಿ ಇದನ್ನು ಶ್ರೀಧರಾಚಾರ್ಯರ ಸೂತ್ರವೆಂದು ಉದ್ಧರಿಸಿದ್ದಾರೆ: ಎರಡೂ ಕಡೆ 4ಎ ಯಿಂದ ಗುಣಿಸಿ, ಬಿ² ಕೂಡಿಸಿ. ಇಲ್ಲಿ 4 × 2 = 8.

16ಕ್ಷ² − 56ಕ್ಷ = −24
16ಕ್ಷ² − 56ಕ್ಷ + 49 = 25
(4ಕ್ಷ − 7)² = 25
4ಕ್ಷ − 7 = 5 ಅಥವಾ −5

ಮೂಲಗಳು 3 ಮತ್ತು 1/2. ಭಿನ್ನರಾಶಿ ಕೊನೆಯ ಸಾಲಿನವರೆಗೆ ತಲೆಹಾಕಲಿಲ್ಲ. ಅಂಕಿಗಳ ಜಾಗದಲ್ಲಿ ಎ, ಬಿ, ಸಿ ಇಟ್ಟು ಇದೇ ನಾಲ್ಕು ಸಾಲು ಬರೆದರೆ (2ಎಕ್ಷ + ಬಿ)² = ಬಿ² − 4ಎಸಿ ಬರುತ್ತದೆ. ಸೂತ್ರ ಹುಟ್ಟಿದ್ದು ಇಲ್ಲಿಂದಲೇ, ಮೂರನೆಯ ಬೇರೆ ವಿಧಾನವೇನೂ ಅಲ್ಲ. ಸೂತ್ರವನ್ನು ಬಾಯಿಪಾಠ ಮಾಡಿ ಮರೆಯುವ ಮಗುವಿಗೆ ಈ ಸಾಲು ಗೊತ್ತಿದ್ದರೆ ಅರ್ಧ ನಿಮಿಷದಲ್ಲಿ ಅದನ್ನು ತಾನೇ ಕಟ್ಟಿಕೊಳ್ಳಬಹುದು.

ಸೂತ್ರದಲ್ಲಿ ತಪ್ಪುಗಳು ಎಲ್ಲೆಲ್ಲಿ ಆಗುತ್ತವೆ ಎಂಬುದು ಹೆಚ್ಚುಕಡಿಮೆ ನಿಗದಿಯಾಗಿದೆ. ಬಿ ಋಣವಾಗಿದ್ದಾಗ −ಬಿ ಧನ ಎಂಬುದು ಮರೆತುಹೋಗುತ್ತದೆ. ಎ ಧನವಾಗಿದ್ದು ಸಿ ಋಣವಾಗಿದ್ದಾಗ −4ಎಸಿ ಕೂಡುವ ಪದವಾಗಬೇಕು, ಅದನ್ನು ಕಳೆಯುತ್ತಾರೆ. ಭಾಗಾಕಾರದ ಗೆರೆಯನ್ನು ವರ್ಗಮೂಲದ ಕೆಳಗೆ ಮಾತ್ರ ಎಳೆಯುತ್ತಾರೆ, ಅದು −ಬಿ ಯ ಕೆಳಗೂ ಹಾಯಬೇಕು. ಕ್ಯಾಲ್ಕುಲೇಟರ್ ಬಳಸುವವರಿಗೆ ಒಂದು ಎಚ್ಚರಿಕೆ: ಬಹಳಷ್ಟು ವೈಜ್ಞಾನಿಕ ಕ್ಯಾಲ್ಕುಲೇಟರುಗಳಲ್ಲಿ −7² ಎಂದು ಒತ್ತಿದರೆ −49 ಬರುತ್ತದೆ, ಆವರಣ ಹಾಕಿ (−7)² ಎಂದೇ ಒತ್ತಬೇಕು.

ಸಂಕ್ಷೇಪಿಸುವಾಗಿನ ತಪ್ಪು ಇನ್ನೂ ಸಾಮಾನ್ಯ. ಕ್ಷ² − 6ಕ್ಷ + 4 = 0 ಎಂಬಲ್ಲಿ ಶೋಧಕ 36 − 16 = 20, ವರ್ಗಮೂಲ 2√5. ಬೆಲೆ (6 ± 2√5)/2. ಇಲ್ಲಿ 2ನ್ನು 2√5ರ ಜೊತೆ ಮಾತ್ರ ಹೊಡೆದು 6 ± √5 ಎಂದು ಬರೆದರೆ ಲೆಕ್ಕ ಹೋಯಿತು. ಎರಡೂ ಪದವನ್ನು ಭಾಗಿಸಿ 3 ± √5. ಬಿ ಸಮಸಂಖ್ಯೆಯಾಗಿದ್ದರೆ ಈ ಗಂಡಾಂತರವನ್ನೇ ತಪ್ಪಿಸಬಹುದು: ಬಿ ಯ ಅರ್ಧವನ್ನು ತೆಗೆದುಕೊಂಡು, ಅದರ ವರ್ಗದಿಂದ ಎಸಿ ಕಳೆದು, ಕೊನೆಗೆ ಎ ಯಿಂದ ಮಾತ್ರ ಭಾಗಿಸಿ. 3ಕ್ಷ² − 14ಕ್ಷ + 8 = 0 ಎಂಬಲ್ಲಿ ಅರ್ಧ −7, 49 − 24 = 25, ಆದ್ದರಿಂದ (7 ± 5)/3, ಅಂದರೆ 4 ಮತ್ತು 2/3. ಸಂಖ್ಯೆಗಳು ಚಿಕ್ಕವಾದಷ್ಟೂ ತಪ್ಪು ಕಡಿಮೆ.

ಋಣ ಬೆಲೆ ಬಿಡುವ, ಇಟ್ಟುಕೊಳ್ಳುವ ವಿಷಯಕ್ಕೆ ಬರೋಣ. ‘ಋಣ ಬಂದರೆ ಬಿಡು’ ಎಂಬ ನಿಯಮವೇ ಇಲ್ಲ. ಕ್ಷ ಎಂದರೆ ಏನು ಎಂದು ಲೆಕ್ಕದ ಮೊದಲ ಸಾಲಿನಲ್ಲಿ ಬರೆದಿರಬೇಕು, ಅದೇ ನಿರ್ಧರಿಸುತ್ತದೆ. ಎರಡು ಕ್ರಮಾನುಗತ ಪೂರ್ಣಾಂಕಗಳ ಗುಣಲಬ್ಧ 56 ಎಂದರೆ ಕ್ಷ² + ಕ್ಷ − 56 = 0, ಮೂಲಗಳು 7 ಮತ್ತು −8. ಎರಡೂ ಬೇಕು: 7, 8 ಒಂದು ಜೋಡಿ, −8, −7 ಇನ್ನೊಂದು. ‘ಪೂರ್ಣಾಂಕ’ದ ಜಾಗದಲ್ಲಿ ‘ಸ್ವಾಭಾವಿಕ ಸಂಖ್ಯೆ’ ಎಂದಿದ್ದರೆ 7 ಮಾತ್ರ. ಒಂದು ಪದದ ಮೇಲೆ ಉತ್ತರ ನಿಂತಿದೆ. ಎರಡೂ ಧನ ಬೆಲೆ ಬಂದಾಗಲೂ ಒಂದನ್ನು ಬಿಡುವ ಚಟ ಕೆಲವರಿಗಿದೆ. ಮೇಲಕ್ಕೆ ಎಸೆದ ಚೆಂಡಿನ ಎತ್ತರ ಟಿ ಸೆಕೆಂಡಿನಲ್ಲಿ 20ಟಿ − 5ಟಿ² ಮೀಟರ್ ಎಂದರೆ, ಅದು 15 ಮೀಟರ್ ಎತ್ತರದಲ್ಲಿರುವುದು 1ನೇ ಸೆಕೆಂಡಿನಲ್ಲೂ ಹೌದು, 3ನೇ ಸೆಕೆಂಡಿನಲ್ಲೂ ಹೌದು. ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ.

ವೇಗದ ಲೆಕ್ಕ ಪರೀಕ್ಷೆಗೆ ಅಚ್ಚುಮೆಚ್ಚು. ಬಸ್ಸೊಂದು 240 ಕಿಮೀ ದೂರವನ್ನು ಒಂದೇ ವೇಗದಲ್ಲಿ ಕ್ರಮಿಸುತ್ತದೆ. ವೇಗ ಗಂಟೆಗೆ 20 ಕಿಮೀ ಹೆಚ್ಚಿದ್ದರೆ 1 ಗಂಟೆ ಕಡಿಮೆ ಹಿಡಿಯುತ್ತಿತ್ತು. 240/ಕ್ಷ − 240/(ಕ್ಷ + 20) = 1. ಛೇದ ತೆಗೆದರೆ 4800 = ಕ್ಷ² + 20ಕ್ಷ, ಮೂಲಗಳು 60 ಮತ್ತು −80. ಕ್ಷ ಇಲ್ಲಿ ವೇಗ, ಆದ್ದರಿಂದ 60. ಆದರೆ ಬಿಟ್ಟ −80ನ್ನು ಒಮ್ಮೆ ನೋಡಿ: ಚಿಹ್ನೆ ತೆಗೆದರೆ ಅದು ಹೆಚ್ಚಿದ ವೇಗ, 80. ‘ವೇಗ 20 ಕಡಿಮೆಯಾಗಿದ್ದರೆ 1 ಗಂಟೆ ಹೆಚ್ಚು ಹಿಡಿಯುತ್ತಿತ್ತು’ ಎಂದು ಪ್ರಶ್ನೆಯನ್ನು ತಿರುವಿ ಕೇಳಿದ್ದರೆ ಬರುತ್ತಿದ್ದ ಉತ್ತರ ಅದೇ. ಇನ್ನು ‘1 ಗಂಟೆ’ಯ ಬದಲು ‘60 ನಿಮಿಷ’ ಎಂದು ಕೊಟ್ಟಾಗ ಬಲಭಾಗದಲ್ಲಿ 60 ಎಂದೇ ಬರೆದುಬಿಟ್ಟರೆ ಕ್ಷ² + 20ಕ್ಷ − 80 = 0 ಆಗಿ ವೇಗ ಗಂಟೆಗೆ ಸುಮಾರು 3.4 ಕಿಮೀ ಬರುತ್ತದೆ. ಆ ಬಸ್ಸಿಗಿಂತ ನಡೆದು ಹೋಗುವುದು ಮೇಲು. ಇಂಥ ಉತ್ತರ ಬಂದಾಗ ಸಂಶಯ ಹುಟ್ಟಬೇಕು.

ಬೆಲೆಯೊಂದನ್ನು ಏಕೆ ಬಿಡಬೇಕು ಎಂಬುದಕ್ಕೆ ನನಗೆ ತುಂಬ ಇಷ್ಟದ ಲೆಕ್ಕ ನಮ್ಮ ನಾಡಿನದೇ. ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು 850ರಲ್ಲಿ, ಮಹಾವೀರಾಚಾರ್ಯರು ಸಂಸ್ಕೃತದಲ್ಲಿ ಬರೆದ ‘ಗಣಿತಸಾರಸಂಗ್ರಹ’ದಲ್ಲಿ ಅದಿದೆ. ಒಂಟೆಗಳ ಹಿಂಡಿನ ಕಾಲುಭಾಗ ಕಾಡಿನಲ್ಲಿ ಕಂಡಿತು, ಹಿಂಡಿನ ವರ್ಗಮೂಲದ ಎರಡು ಪಟ್ಟು ಬೆಟ್ಟದ ಇಳಿಜಾರಿಗೆ ಹೋಯಿತು, ಐದರ ಮೂರು ಪಟ್ಟು ನದಿಯ ದಡದಲ್ಲಿ ಉಳಿಯಿತು, ಒಟ್ಟು ಒಂಟೆಗಳೆಷ್ಟು? ಹಿಂಡಿನ ವರ್ಗಮೂಲವನ್ನೇ ಕ್ಷ ಎಂದಿಟ್ಟುಕೊಂಡರೆ ಹಿಂಡು ಕ್ಷ². ಆಗ ಕ್ಷ²/4 + 2ಕ್ಷ + 15 = ಕ್ಷ². ನಾಲ್ಕರಿಂದ ಗುಣಿಸಿ ಪಕ್ಷಾಂತರ ಮಾಡಿದರೆ 3ಕ್ಷ² − 8ಕ್ಷ − 60 = 0. ಶೋಧಕ 64 + 720 = 784, ಅಂದರೆ 28ರ ವರ್ಗ. ಮೂಲಗಳು 6 ಮತ್ತು −10/3. ಮೊದಲನೆಯದರಿಂದ ಹಿಂಡು 36: ಕಾಡಿನಲ್ಲಿ 9, ಬೆಟ್ಟದಲ್ಲಿ 12, ದಡದಲ್ಲಿ 15. ಸರಿಹೋಯಿತು.

ಎರಡನೆಯದರ ವರ್ಗ 100/9. ಒಂಟೆ ಭಿನ್ನರಾಶಿಯಲ್ಲಿ ಇರುವುದಿಲ್ಲ ಎಂದು ಬಿಡಬಹುದು, ಆದರೆ ಅದಕ್ಕಿಂತ ಗಟ್ಟಿಯಾದ ಕಾರಣವಿದೆ. 100/9ನ್ನು ಮೂಲ ಪ್ರಶ್ನೆಗೆ ಹಾಕಿ: 25/9 + 60/9 + 135/9 = 220/9, 100/9 ಅಲ್ಲ. ವರ್ಗಮೂಲದ ಚಿಹ್ನೆ √ ಯಾವಾಗಲೂ ಸೊನ್ನೆ ಅಥವಾ ಧನ ಬೆಲೆಯನ್ನೇ ಸೂಚಿಸುತ್ತದೆ, ನಾವು ಅದಕ್ಕೆ −10/3 ಕೊಟ್ಟಿದ್ದೇ ತಪ್ಪಾಯಿತು. √49 ಎಂದರೆ 7 ಮಾತ್ರ, ಕ್ಷ² = 49 ಎಂದರೆ ಕ್ಷ = 7 ಅಥವಾ −7, ಈ ಎರಡನ್ನು ಬೆರೆಸಬಾರದು. ಸಮೀಕರಣದಲ್ಲಿ ವರ್ಗಮೂಲವಿದ್ದು ನಾವು ಎರಡೂ ಕಡೆ ವರ್ಗ ಮಾಡಿದ್ದರೆ ಅಥವಾ ಛೇದದಲ್ಲಿ ಕ್ಷ ಇದ್ದರೆ, ಬಂದ ಬೆಲೆಯನ್ನು ಕೊಟ್ಟ ಮೂಲ ಸಮೀಕರಣಕ್ಕೇ ಹಾಕಿ ತಾಳೆ ನೋಡಬೇಕು. ನಡುವಿನ ಸಾಲಿಗೆ ಹಾಕಿದರೆ ತಪ್ಪು ಗೊತ್ತಾಗುವುದಿಲ್ಲ.

ಅದೇ ಮಹಾವೀರಾಚಾರ್ಯರು ಋಣ ಸಂಖ್ಯೆ ಸ್ವಭಾವತಃ ವರ್ಗವಲ್ಲ, ಹಾಗಾಗಿ ಅದಕ್ಕೆ ವರ್ಗಮೂಲವಿಲ್ಲ ಎಂದಿದ್ದಾರೆ. ಹತ್ತನೇ ತರಗತಿಯ ‘ವಾಸ್ತವ ಮೂಲಗಳಿಲ್ಲ’ ಎಂಬ ಉತ್ತರದ ಹಿಂದೆ ಇರುವುದು ಇದೇ ಮಾತು. ಶೋಧಕ ಋಣವಾದರೆ ‘ಮೂಲಗಳಿಲ್ಲ’ ಎಂದು ಬರೆಯದೆ ‘ವಾಸ್ತವ ಮೂಲಗಳಿಲ್ಲ’ ಎಂದೇ ಬರೆಯಲಿ, ಪಿಯುಸಿಯಲ್ಲಿ ಋಣ ಸಂಖ್ಯೆಗೂ ವರ್ಗಮೂಲ ಕೊಡುವ ಸಂಕೀರ್ಣ ಸಂಖ್ಯೆಗಳು ಬಂದಾಗ ಆ ಮೂಲಗಳೂ ಸಿಗುತ್ತವೆ. ಶೋಧಕ ಸೊನ್ನೆಯಾದರೆ ‘ಎರಡು ಸಮ ವಾಸ್ತವ ಮೂಲಗಳು’. ಇದರ ಮೇಲೆ ಬರುವ ಪ್ರಶ್ನೆಯಲ್ಲಿ ಒಂದು ಬಲೆ ಇರುತ್ತದೆ: ಕೆಕ್ಷ² − 4ಕೆಕ್ಷ + 20 = 0ರ ಮೂಲಗಳು ಸಮವಾದರೆ ಕೆ ಎಷ್ಟು? 16ಕೆ² − 80ಕೆ = 0, ಕೆ = 0 ಅಥವಾ 5. ಕೆ ಸೊನ್ನೆಯಾದರೆ ಕ್ಷ² ಪದವೇ ಮಾಯವಾಗಿ 20 = 0 ಎಂಬ ಅಸಂಬದ್ಧ ಉಳಿಯುತ್ತದೆ. ಆದ್ದರಿಂದ 5 ಮಾತ್ರ, ಸೊನ್ನೆಯನ್ನು ಏಕೆ ಬಿಟ್ಟೆ ಎಂದು ಒಂದು ಸಾಲು ಬರೆಯಬೇಕು.

ಉತ್ತರ ಬಂದ ಮೇಲೆ ಹದಿನೈದು ಸೆಕೆಂಡಿನ ತಪಾಸಣೆ: ಮೂಲಗಳ ಮೊತ್ತ −ಬಿ/ಎ, ಗುಣಲಬ್ಧ ಸಿ/ಎ. ಮೊದಲ ಲೆಕ್ಕದಲ್ಲಿ 7/2 + (−5/3) = 11/6, ಗುಣಲಬ್ಧ −35/6, ಎರಡೂ ಸರಿ. ಮೊತ್ತ ಚಿಹ್ನೆಯಲ್ಲಿ ಮಾತ್ರ ತಪ್ಪಿ −11/6 ಬಂದಿದ್ದರೆ −ಬಿ ಬರೆಯುವಾಗಲೋ ಮೂಲಗಳ ಚಿಹ್ನೆ ಬರೆಯುವಾಗಲೋ ಎಡವಿರುವ ಸಾಧ್ಯತೆಯೇ ಹೆಚ್ಚು, ಇಡೀ ಲೆಕ್ಕ ಮತ್ತೆ ಮಾಡಬೇಕಿಲ್ಲ. 3 ± √5 ನಂಥ ಉತ್ತರಕ್ಕೆ ಈ ತಪಾಸಣೆ ವರದಾನ: ಮೊತ್ತ 6, ಗುಣಲಬ್ಧ 9 − 5 = 4.

ಗುಣಲಬ್ಧದ ಸಂಬಂಧ ಮುಂದೆ ಡಿಪ್ಲೊಮಾ, ಎಂಜಿನಿಯರಿಂಗ್‌ನಲ್ಲೂ ಕೈಹಿಡಿಯುತ್ತದೆ. ಕ್ಷ² − 1000ಕ್ಷ + 1 = 0 ಎಂಬಲ್ಲಿ ಶೋಧಕದ ವರ್ಗಮೂಲ 999.998. ಎರಡು ದಶಮಾಂಶಕ್ಕೆ ಸರಿಹೊಂದಿಸಿದರೆ 1000.00, ಆಗ ಚಿಕ್ಕ ಮೂಲ (1000 − 1000)/2 = 0 ಬಂದು ಕೂರುತ್ತದೆ. ಸೊನ್ನೆ ಈ ಸಮೀಕರಣದ ಮೂಲವೇ ಅಲ್ಲ. ದೊಡ್ಡ ಮೂಲವನ್ನು ಸೂತ್ರದಿಂದ ತೆಗೆದು, ಗುಣಲಬ್ಧ 1ನ್ನು ಅದರಿಂದ ಭಾಗಿಸಿದರೆ ಚಿಕ್ಕದು 0.001 ಎಂದು ಸರಿಯಾಗಿ ಸಿಗುತ್ತದೆ.

ಮಗಳಿಗೆ ಈ ನಾಲ್ಕನ್ನು ಕೊಟ್ಟು, ಬಿಡಿಸುವ ಮುಂಚೆ ಯಾವುದಕ್ಕೆ ಯಾವ ದಾರಿ ಎಂದು ಮಾತ್ರ ಹೇಳಿಸಿ: 12ಕ್ಷ² + ಕ್ಷ − 6 = 0; 5ಕ್ಷ² − 4ಕ್ಷ − 2 = 0; 9ಕ್ಷ² − 30ಕ್ಷ + 25 = 0; ಕ್ಷ² + ಕ್ಷ + 1 = 0. ಮೊದಲನೆಯದರ ಶೋಧಕ 289, ಜೋಡಿ 9 ಮತ್ತು −8, ಮೂಲಗಳು 2/3 ಮತ್ತು −3/4. ಎರಡನೆಯದರದು 56, ಪೂರ್ಣವರ್ಗವಲ್ಲ, ಸೂತ್ರದಿಂದ (2 ± √14)/5. ಮೂರನೆಯದು 0, ಮೂಲ 5/3 ಎರಡು ಬಾರಿ. ನಾಲ್ಕನೆಯದರ ಶೋಧಕ −3 ಎಂದು ಕಂಡ ಕೂಡಲೇ ‘ವಾಸ್ತವ ಮೂಲಗಳಿಲ್ಲ’ ಎಂದು ಬರೆದು ಪೆನ್ನು ಕೆಳಗಿಡಬಹುದು.